ಟ್ಯೂಬಿನ ಮೇಲಿನ 22

ನಾನು ಮಡಿಕೇರಿಯಲ್ಲಿ ಐಸಿಯು ನರ್ಸ್. ಕೆಲವು ವರ್ಷಗಳ ಹಿಂದೆ, ಜೋರು ಮಳೆಯ ಒಂದು ರಾತ್ರಿ, ಸಿದ್ದಾಪುರ ಕಡೆಯ ಕಾಫಿ ತೋಟದ ಲೈನ್ ಮನೆಯಿಂದ (ಕಾರ್ಮಿಕರ ಸಾಲುಮನೆ) ಒಬ್ಬರನ್ನು ಕರೆತಂದರು. ನೆಲದ ಮೇಲೆ ಮಲಗಿದ್ದವರಿಗೆ ಕಟ್ಟುಹಾವು ಕಚ್ಚಿತ್ತು. ಈ ಹಾವು ಕಚ್ಚಿದರೆ ನೋವು, ಊತ ಅಷ್ಟಾಗಿ ಇರುವುದಿಲ್ಲ. ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟವೇ ನಿಲ್ಲುತ್ತಾ ಬರುತ್ತದೆ. ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಮದ್ದು) ಕೊಟ್ಟರೂ ನರದ ತುದಿಗಳಿಗೆ ಆಗಲೇ ಆದ ಹಾನಿ ಸರಿಹೋಗಲು ದಿನಗಳು ಬೇಕು. ಅಲ್ಲಿವರೆಗೆ ಬಾಯಿಂದ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ಉಸಿರಾಡಿಸುವ ವೆಂಟಿಲೇಟರೇ ಗತಿ.

ಬೆಳಿಗ್ಗೆ ಡ್ಯೂಟಿ ಬದಲಾಗುವ ಮೊದಲು ನಾನೇ ಅವರನ್ನು ಮಗ್ಗುಲು ತಿರುಗಿಸಿದೆ. ಆಮೇಲೆ ಮೇಜಿನ ಹತ್ತಿರ ಕೂತು, ದಾಖಲೆ ಪುಸ್ತಕ ನೋಡಿ, ಮುಂದಿನ ಪಾಳಿಯವರಿಗೆ ರೋಗಿಯನ್ನು ಒಪ್ಪಿಸುವ ಹ್ಯಾಂಡೋವರ್ ಕೊಟ್ಟೆ. "ಟ್ಯೂಬ್ 22, ಎಲ್ಲ ಸರಿ ಇದೆ." ಅಂದರೆ ಟ್ಯೂಬಿನ 22 ಸೆಂ.ಮೀ. ಗುರುತು ತುಟಿಯ ಹತ್ತಿರ ಇದೆ ಅಂತ. ಬ್ಯಾಗ್ ಹೆಗಲಿಗೆ ಹಾಕುವಷ್ಟರಲ್ಲಿ ಅಲಾರಂ ಕೂಗಿತು. ಓಡಿ ಹೋಗಿ ನೋಡಿದರೆ ತುಟಿಯ ಹತ್ತಿರ 17 ಕಾಣುತ್ತಿತ್ತು. ತಿರುಗಿಸುವಾಗ ಟ್ಯೂಬ್ ಹೊರಕ್ಕೆ ಜಾರಿತ್ತು. ಪುಸ್ತಕದಲ್ಲಿ ಮಾತ್ರ 22 ಇತ್ತು. ಡಾಕ್ಟರ್ ತಕ್ಷಣ ಬಂದು ಮತ್ತೆ ಟ್ಯೂಬ್ ಹಾಕಿದರು. ರೋಗಿ ಉಳಿದರು. ನನಗೆ ಮಾತ್ರ ಆ ದಿನ ಮನೆಗೆ ಹೋದರೂ ಅನ್ನ ಸೇರಲಿಲ್ಲ.

ಮರುದಿನದಿಂದ ಹ್ಯಾಂಡೋವರನ್ನು ಮಂಚದ ಪಕ್ಕಕ್ಕೆ ತಂದೆವು. ಹೋಗುವವರು ಒಂದು ಕಡೆ, ಬರುವವರು ಇನ್ನೊಂದು ಕಡೆ. ಟ್ಯೂಬಿನ ನಂಬರನ್ನು ಇಬ್ಬರೂ ಕಣ್ಣಾರೆ ನೋಡಿ ಜೋರಾಗಿ ಓದಬೇಕು. ಕಫ್ ಪ್ರೆಶರ್ (ಟ್ಯೂಬಿನ ತುದಿಯ ಗಾಳಿ ಬಲೂನಿನ ಒತ್ತಡ) 20ರಿಂದ 30 ಸೆಂ.ಮೀ. ನೀರಿನ ಒತ್ತಡದೊಳಗೆ ಇದೆಯಾ? ಯಾವ ಪಂಪಿನಲ್ಲಿ ಯಾವ ಔಷಧಿ? ಬೆನ್ನು ಕೆಂಪಾಗಿದೆಯಾ? ತಿರುಗಿಸುವಾಗ ಒಬ್ಬರಿಗೆ ಟ್ಯೂಬ್ ಹಿಡಿಯುವುದು ಬಿಟ್ಟು ಬೇರೆ ಕೆಲಸವಿಲ್ಲ. "ಒಂದು, ಎರಡು, ಮೂರು" ಹೇಳುವುದೂ ಅವರೇ. ಮೊದಮೊದಲು "ಟೈಮ್ ಜಾಸ್ತಿ ಹಿಡಿಯುತ್ತೆ" ಅಂತ ಗೊಣಗಾಟ ಇತ್ತು. ಒಂದು ರೋಗಿಗೆ ಐದು ನಿಮಿಷ ಹೆಚ್ಚು, ಅಷ್ಟೇ ಅಲ್ವಾ?

ವೆಂಟಿಲೇಟರಿನಲ್ಲಿರುವವರ ಮಂಚದ ತಲೆ ಕಡೆಯ ಏರು 30 ಡಿಗ್ರಿಗಿಂತ ಕಡಿಮೆ ಇರಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಆದರೆ ಕಣ್ಣಂದಾಜು ನಂಬುವ ಹಾಗಿಲ್ಲ. ಮಗಳ ಕಂಪಾಸ್ ಬಾಕ್ಸಿನ ಕೋನಮಾಪಕ ತಂದು ಅಳೆದೆ. 30 ಅಂದುಕೊಂಡ ಮಂಚ 20ರಲ್ಲಿತ್ತು! ಪ್ರತಿ ಮಂಚದ ಪಕ್ಕದ ಗೋಡೆಗೆ ಓರೆಯಾಗಿ ಕೆಂಪು ಟೇಪ್ ಅಂಟಿಸಿದೆವು. ಈಗ ಬಾಗಿಲಲ್ಲಿ ನಿಂತರೂ ಗೊತ್ತಾಗುತ್ತದೆ.

ಆ ಅಣ್ಣನ ಟ್ಯೂಬ್ ತೆಗೆದ ಮೇಲೆ, ಸ್ವರ ಸ್ವಲ್ಪ ಬಂದಾಗ, ನನ್ನನ್ನು ಹತ್ತಿರ ಕರೆದರು. "ಸಿಸ್ಟರ್, ನನಗೆ ಎಲ್ಲಾ ಕೇಳ್ತಿತ್ತು. ಇವನು ಉಳಿಯೋದು ಕಷ್ಟ ಅಂದ್ರಲ್ಲ, ಅದೂ ಕೇಳ್ತು."

ಕಟ್ಟುಹಾವಿನ ವಿಷ ಸ್ನಾಯುಗಳನ್ನು ಕಟ್ಟಿಹಾಕುತ್ತದೆ, ಅರಿವನ್ನಲ್ಲ. ಓದಿದ್ದೆ. ಆದರೂ ಮುಚ್ಚಿದ ಕಣ್ಣು ನೋಡಿ ಮರೆತುಬಿಟ್ಟಿದ್ದೆ.

ಅಂದಿನಿಂದ ಉಳಿಯುವ, ಹೋಗುವ ಮಾತನ್ನು ಹೊರಗೆ ಆಡುತ್ತೇವೆ. ಮಂಚದ ಹತ್ತಿರ ಹೋದ ಕೂಡಲೇ ಮೊದಲು ಕೈ ಹಿಡಿಯುತ್ತೇನೆ. "ಅಣ್ಣಾ, ಈಗ ಬೆಳಿಗ್ಗೆ ಎಂಟು ಗಂಟೆ. ಹೊರಗೆ ಮಳೆ ಬರ್ತಿದೆ. ನಿಮ್ಮನ್ನ ಎಡಕ್ಕೆ ತಿರುಗಿಸ್ತೀವಿ, ಟ್ಯೂಬ್ ನಾನು ಹಿಡ್ಕೊಂಡಿದ್ದೀನಿ."