ಕನ್ನಡ ಆ್ಯಪ್‌ನ ಸ್ಕ್ರೀನ್ ವಿನ್ಯಾಸಕ್ಕೆ ನಾನು ಟೂಲ್ ಆರಿಸಿದ್ದು ಹೀಗೆ

ಆ್ಯಪ್ ಸ್ಕ್ರೀನ್ ವಿನ್ಯಾಸಕ್ಕೆ ಯಾವ ಟೂಲ್ ಒಳ್ಳೇದು ಅಂತ ಯಾರಾದರೂ ಕೇಳಿದರೆ, ಆ ಆ್ಯಪ್ ಯಾವ ಭಾಷೆಯದ್ದು ಅಂತ ನಾನು ಮೊದಲು ಕೇಳುತ್ತೇನೆ. ಇಂಗ್ಲಿಷ್ ಆದರೆ ಹೆಚ್ಚುಕಡಿಮೆ ಯಾವುದಾದರೂ ನಡೆಯುತ್ತದೆ. ಕನ್ನಡ ಆದರೆ ಸ್ವಲ್ಪ ನೋಡಿ ಆರಿಸಬೇಕು.

ಹಾಸನ ಕಡೆಯ ಒಂದು ಹಾಲಿನ ಡೇರಿಗೆ ಆ್ಯಪ್ ಮಾಡುವಾಗ ಇದೆಲ್ಲ ನನಗೆ ಸರಿಯಾಗಿ ಅರ್ಥವಾಯಿತು. ಬೆಳಿಗ್ಗೆ, ಸಂಜೆ ಹಾಕಿದ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಎಷ್ಟು, ಈ ಸಲದ ಬಟವಾಡೆ ಎಷ್ಟು ಅನ್ನೋದನ್ನು ರೈತರು ಫೋನಿನಲ್ಲೇ ನೋಡಬೇಕಿತ್ತು.

ಶುರು ಮಾಡಿದ್ದು ಕಾಗದದ ಮೇಲೆ. ಲೀಟರ್ ಲೆಕ್ಕ ದೊಡ್ಡದಾಗಿ ಮೇಲೆ ಬರೆದು ಡೇರಿ ಕಾರ್ಯದರ್ಶಿಗೆ ತೋರಿಸಿದೆ. ಅವರು ಪೆನ್ನು ತಗೊಂಡು ಗೆರೆ ಎಳೆದರು. ‘ಫ್ಯಾಟ್ ಮೇಲೆ ಹಾಕಿ ಸಾರ್. ಎಷ್ಟು ಲೀಟರ್ ಅಂತ ಅವ್ರಿಗೆ ಮನೇಲೇ ಗೊತ್ತಿರುತ್ತೆ’ ಅಂದರು. ಇಂಥ ಮಾತು ಕಾಗದದ ಮುಂದೆ ಕೂತಾಗಲೇ ಬರುವುದು. ಕಂಪ್ಯೂಟರಿನಲ್ಲಿ ನೀಟಾಗಿ ಬಣ್ಣ ಹಚ್ಚಿ ತೋರಿಸಿದರೆ ಜನ ‘ಚೆನ್ನಾಗಿದೆ’ ಅಂತ ಹೇಳಿ ಸುಮ್ಮನಾಗುತ್ತಾರೆ.

ಆಮೇಲೆ ಟೂಲ್ ಹುಡುಕಾಟ. ಸ್ಕೆಚ್ ಮ್ಯಾಕ್‌ನಲ್ಲಿ ಮಾತ್ರ ಓಡುತ್ತದೆ, ನನ್ನದು ವಿಂಡೋಸ್ ಲ್ಯಾಪ್‌ಟಾಪ್. ಅಡೋಬಿ ಎಕ್ಸ್‌ಡಿಯನ್ನು 2023ರಲ್ಲಿ ಬಿಡಿಯಾಗಿ ಮಾರುವುದನ್ನೇ ನಿಲ್ಲಿಸಿದರು. ಇನ್‌ವಿಷನ್ 2024ರ ಕೊನೆಗೆ ಮುಚ್ಚಿತು. ಉಳಿದದ್ದು ಬ್ರೌಸರಿನಲ್ಲೇ ಓಡುವ ಫಿಗ್ಮಾ ಮತ್ತು ಪೆನ್‌ಪಾಟ್. ಪೆನ್‌ಪಾಟ್ ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ಮುಕ್ತ. ಬೇಕಾದರೆ ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು.

ಎರಡರಲ್ಲೂ ಫೋನ್ ಸ್ಕ್ರೀನಿನ ಲೆಕ್ಕಕ್ಕೆ 360 ಅಗಲದ ಫ್ರೇಮ್ ತೆಗೆದು ಒಂದೇ ಪರೀಕ್ಷೆ ಮಾಡಿದೆ. ‘ರಾಷ್ಟ್ರೀಕೃತ ಬ್ಯಾಂಕ್ ಖಾತೆ’ ಅಂತ ಟೈಪ್ ಮಾಡಿ, ಅದು ಎರಡು ಸಾಲಿಗೆ ಒಡೆಯುವಷ್ಟು ಪೆಟ್ಟಿಗೆ ಕಿರಿದು ಮಾಡಿದೆ. ‘ಷ್ಟ್ರೀ’ಯಲ್ಲಿ ಟ ಒತ್ತು, ರ ಒತ್ತು ಎರಡೂ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಸಾಕಾಗುವ ಹಾಗೆ 16 ಅಳತೆಯ ಅಕ್ಷರಕ್ಕೆ ಸಾಲಿನ ಎತ್ತರ 20 ಇಟ್ಟರೆ ಆ ಒತ್ತುಗಳು ಹೋಗಿ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತವೆ. ನೋಟೋ ಸಾನ್ಸ್ ಕನ್ನಡ ಫಾಂಟಿಗೆ ಆ ಎತ್ತರ 26 ಇಟ್ಟಾಗ ಓದೋಕೆ ಹಾಯೆನಿಸಿತು. ಅಕ್ಷರ ಎರಡರಲ್ಲೂ ಸರಿಯಾಗಿಯೇ ಮೂಡಿತು. ನಾನು ಫಿಗ್ಮಾ ಹಿಡಿದೆ, ಯಾಕಂದ್ರೆ ನಮ್ಮ ಡೆವಲಪರ್‌ಗೆ ಅದು ಮೊದಲೇ ರೂಢಿ ಇತ್ತು. ಹೊಸದಾಗಿ ಕಲಿಯುವವರು, ದುಡ್ಡು ಹಾಕಲು ಇಷ್ಟವಿಲ್ಲದವರು ಪೆನ್‌ಪಾಟ್‌ನಿಂದಲೇ ಶುರು ಮಾಡಲಿ ಅನ್ನುವುದು ನನ್ನ ಅಭಿಪ್ರಾಯ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆಟೋ ಲೇಔಟ್. ಒಳಗಿನ ಪದ ಬೆಳೆದರೆ ಬಟನ್ನೂ ತಾನೇ ಬೆಳೆಯುತ್ತದೆ. ‘ಪ್ರೋತ್ಸಾಹಧನ’ ಅನ್ನೋ ಪದವನ್ನೇ ತಗೊಳ್ಳಿ. ಲೀಟರಿಗೆ ಇಷ್ಟು ಅಂತ ಸರ್ಕಾರ ಕೊಡುವ ಹಣ ಅದು. ರೈತರ ಬಾಯಲ್ಲಿರುವ ಮಾತು, ಬದಲಿಸೋ ಹಾಗಿಲ್ಲ. ಆದರೆ ಮೂರು ಟ್ಯಾಬ್ ಪಕ್ಕಪಕ್ಕ ಕೂರಿಸಿದಾಗ ಆ ಪದಕ್ಕೆ ಜಾಗವೇ ಸಾಲಲಿಲ್ಲ. ಅಕ್ಷರ ಚಿಕ್ಕದು ಮಾಡಲು ಮನಸ್ಸಿರಲಿಲ್ಲ. ಅನೇಕ್ ಕನ್ನಡ ಫಾಂಟಿನಲ್ಲಿ ದಪ್ಪದ ಜೊತೆಗೆ ಅಗಲವನ್ನೂ ಬದಲಿಸಬಹುದು. ಟ್ಯಾಬಿಗೆ ಮಾತ್ರ ಅದರ ಕಿರಿದಾದ ರೂಪ ಹಾಕಿದೆ, ಎತ್ತರ ಹಾಗೇ ಉಳಿಯಿತು. ಉಚಿತ ಫಾಂಟು, ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತದೆ. ಬಟನ್ನಿನ ಎತ್ತರ ಎಲ್ಲೂ 48ಕ್ಕಿಂತ ಕಡಿಮೆ ಇಡಲಿಲ್ಲ. ಗೂಗಲ್‌ನ ವಿನ್ಯಾಸ ಮಾರ್ಗಸೂಚಿ ಮೆಟೀರಿಯಲ್ ಡಿಸೈನ್ ಹೇಳುವ ಅಳತೆಯೂ ಅದೇ, ಹಾಲು ಕರೆದು ಬಂದ ಒದ್ದೆ ಬೆರಳಿಗೆ ಅಷ್ಟಾದರೂ ಬೇಕು ಅಲ್ವಾ?

ಡೇರಿ ಸಂಘದಿಂದ ಬಂದ ಮಾಹಿತಿ ಹಳೆಯ ನುಡಿ ಫಾಂಟಿನಲ್ಲಿತ್ತು. ಅದನ್ನು ನೇರ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ಮೊದಲು ಈಗಿನ ಫೋನುಗಳು ಬಳಸುವ ಯೂನಿಕೋಡ್‌ಗೆ ಬದಲಿಸಿಕೊಂಡೆ, ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಕಣ್ಣಾರೆ ನೋಡಿದೆ.

ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಂಡದ್ದನ್ನು ನಂಬಬೇಡಿ. ಫಿಗ್ಮಾದ ಫೋನ್ ಆ್ಯಪ್‌ನಲ್ಲಿ ಪ್ರೋಟೋಟೈಪ್ (ಒತ್ತಿ ನೋಡಬಹುದಾದ ಮಾದರಿ) ತೆರೆದು ಬಿಸಿಲಲ್ಲಿ ನಿಂತು ನೋಡಿ. ತೆಳು ಬೂದು ಬಣ್ಣದ ಕನ್ನಡ ಅಲ್ಲಿ ಕಾಣುವುದೇ ಇಲ್ಲ. ಇನ್ನೊಂದು, ವಯಸ್ಸಾದವರು ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಅದಕ್ಕೇ ಪ್ರತಿ ಸ್ಕ್ರೀನಿಗೂ ದೊಡ್ಡ ಅಕ್ಷರದ ಒಂದು ಪ್ರತಿ ಮಾಡಿ ಡೆವಲಪರ್‌ಗೆ ಕೊಟ್ಟೆ. ಅಕ್ಷರದ ಅಳತೆ, ಸಾಲಿನ ಎತ್ತರ ಎರಡನ್ನೂ ಎಸ್‌ಪಿ ಲೆಕ್ಕದಲ್ಲೇ ಹಾಕಿ ಅಂತ ಪಕ್ಕದಲ್ಲಿ ಬರೆದಿಟ್ಟೆ. ಎಸ್‌ಪಿ ಅಂದರೆ ಫೋನಿನ ಅಕ್ಷರದ ಸೆಟ್ಟಿಂಗ್‌ಗೆ ತಕ್ಕಂತೆ ಬದಲಾಗುವ ಆಂಡ್ರಾಯ್ಡ್ ಅಳತೆ. ಆಗ ಎರಡೂ ಜೊತೆಯಾಗಿ ಬೆಳೆಯುತ್ತವೆ, ಒತ್ತು ಕತ್ತರಿಸಿ ಹೋಗುವುದಿಲ್ಲ.