ಚರ್ಚ್ ಹಾಲ್ ಕೇಳುವ ಮುಂಚೆ ಇಷ್ಟು ತಿಳಿದಿರಲಿ: ಎಡಿನ್‌ಬರಾಕ್ಕೆ ಬಂದ ಹೊಸಬರಿಗೆ

ಬ್ಯಾಂಕ್ ಖಾತೆ, ಜಿಪಿ (ಬಡಾವಣೆಯ ಡಾಕ್ಟರ್) ನೋಂದಣಿ, ಎನ್‌ಐ (ನ್ಯಾಷನಲ್ ಇನ್ಶೂರೆನ್ಸ್) ನಂಬರ್, ಕೌನ್ಸಿಲ್ ಟ್ಯಾಕ್ಸ್. ಇವನ್ನೆಲ್ಲ ಬಂದ ಕೂಡಲೇ ಮುಗಿಸಿಬಿಡಿ, ಬಹುಪಾಲು ಆನ್‌ಲೈನ್‌ನಲ್ಲೇ ಆಗುತ್ತದೆ. ನಾನು ಹೇಳಬೇಕೆಂದಿರುವುದು ಚರ್ಚ್‌ಗಳ ಬಗ್ಗೆ. ನಗಬೇಡಿ. ಯುಗಾದಿ, ಗಣೇಶ, ರಾಜ್ಯೋತ್ಸವ, ಯಾವುದೇ ಇರಲಿ, ನೂರು ಜನಕ್ಕೆ ಬಿಸಿಬೇಳೆಬಾತ್ ಬಡಿಸುವ ಜಾಗ ಇಲ್ಲಿ ಕೈಗೆಟಕುವ ಬಾಡಿಗೆಗೆ ಸಿಗುವುದು ಚರ್ಚ್ ಹಾಲ್‌ನಲ್ಲೇ.

ನಾನು ಮೊದಲ ಸಲ ಹಾಲ್ ಕೇಳಲು ಹೋದದ್ದು ಮಿನಿಸ್ಟರ್ ಹತ್ತಿರ. ಮಂತ್ರಿ ಅಲ್ಲ, ಇಲ್ಲಿ ಚರ್ಚ್‌ನ ಪಾದ್ರಿಗೆ ಹಾಗನ್ನುತ್ತಾರೆ. ಊರಲ್ಲಿ ಛತ್ರದ ಯಜಮಾನರ ಜೊತೆ ಮಾತಾಡುವ ಹಾಗೇ ಮಾತಾಡಿದೆ. 'ಫಾದರ್' ಅಂದೆ. ವರ್ಷಕ್ಕೆ ಮೂರು ಕಾರ್ಯಕ್ರಮ ಇಲ್ಲೇ ಮಾಡುತ್ತೇವೆ, ಸ್ವಲ್ಪ ನೋಡಿಕೊಂಡು ಹೇಳಿ ಅಂತ ಚೌಕಾಸಿಗೂ ಇಳಿದೆ. ಅವರು ಸುಮ್ನೆ ನಕ್ಕು, ಅದು ನನ್ನ ಕೈಲಿಲ್ಲ ಅಂದರು. ಸುಳ್ಳು ಹೇಳಿ ಸಾಗಹಾಕುತ್ತಿದ್ದಾರೆ ಅಂತ ನನಗೆ ಸಿಟ್ಟು ಬಂತು. ನಿಜಕ್ಕೂ ಅದು ಅವರ ಕೈಲಿರಲಿಲ್ಲ. ಇಲ್ಲಿನ ಮುಖ್ಯ ಚರ್ಚ್, ಚರ್ಚ್ ಆಫ್ ಸ್ಕಾಟ್ಲೆಂಡ್, ಪ್ರೆಸ್ಬಿಟೇರಿಯನ್ ಪಂಥದ್ದು. ಪ್ರೆಸ್ಬಿಟೇರಿಯನ್ ಅಂದರೆ ಅದೇ. ಬಿಷಪ್ ಇಲ್ಲ. ಸಭೆಯ, ಅಂದರೆ ಆ ಚರ್ಚ್‌ಗೆ ಸೇರಿದ ಜನರ, ಒಳಗಿನಿಂದಲೇ ಆರಿಸಿದ ಎಲ್ಡರ್‌ಗಳು (ಹಿರಿಯರು) ಮಿನಿಸ್ಟರ್ ಜೊತೆ ಕೂತು ತೀರ್ಮಾನ ಮಾಡುತ್ತಾರೆ. ಆ ಕೂಟಕ್ಕೆ ಕರ್ಕ್ ಸೆಷನ್ ಅಂತ ಹೆಸರು. ಮಿನಿಸ್ಟರನ್ನು ಕರೆಸಿಕೊಳ್ಳುವುದೂ ಸಭೆಯೇ. ದೊರೆ ಕೂಡ ಇಲ್ಲಿ ಬರೀ ಸದಸ್ಯ, ಇಂಗ್ಲೆಂಡಿನ ಚರ್ಚಿನಲ್ಲಿರುವ ಹಾಗೆ ಮುಖ್ಯಸ್ಥ ಅಲ್ಲ. ಇದನ್ನು ಇಂಗ್ಲಿಷ್ ಚರ್ಚ್ ಅಂತ ಮಾತ್ರ ಯಾರೆದುರಿಗೂ ಕರೆಯಬೇಡಿ.

ಇಷ್ಟೊಂದು ಚರ್ಚ್ ಕಟ್ಟಡ ಯಾಕೆ ಅಂತ ಹೊಸಬರೆಲ್ಲ ಕೇಳುತ್ತಾರೆ. ಜನರ ಭಕ್ತಿ ಜಾಸ್ತಿ ಇತ್ತು, ಸರಿ. ಜಗಳವೂ ಅಷ್ಟೇ ಇತ್ತು. ಮಿನಿಸ್ಟರನ್ನು ಆರಿಸುವ ಹಕ್ಕನ್ನು 1712ರ ಕಾನೂನು ಜಮೀನ್ದಾರರ ಕೈಗೆ ಕೊಟ್ಟಿತು. ಆ ಗಲಾಟೆಯಲ್ಲಿ 1733ರಲ್ಲಿ ಎಬೆನೀಜರ್ ಅರ್ಸ್ಕಿನ್ ಅನ್ನುವ ಮಿನಿಸ್ಟರ್ ಮತ್ತು ಜೊತೆಯವರು ಬೇರೆಯಾದರು. ಬೇರೆಯಾದವರು 1747ರಲ್ಲಿ ಊರಿನ ಪೌರರು ತೆಗೆದುಕೊಳ್ಳಬೇಕಿದ್ದ ಒಂದು ಪ್ರಮಾಣವಚನದ ವಿಷಯಕ್ಕೆ ಮತ್ತೆ ಎರಡಾದರು. ಶತಮಾನ ಮುಗಿಯುವ ಹೊತ್ತಿಗೆ ಆ ಎರಡೂ ಮತ್ತೆ ಒಡೆಯಲು ಶುರುವಾದವು. ಒಡೆದವರೆಲ್ಲ ತಮ್ಮದೇ ಗೋಡೆ ಎಬ್ಬಿಸಿದರು. ನಗುವ ಹಾಗಿಲ್ಲ. ನಮ್ಮ ಸಂಘಗಳು ಒಡೆಯುವುದಕ್ಕೆ ಪ್ರಮಾಣವಚನವೂ ಬೇಕಿಲ್ಲ, ಊಟದ ಲೆಕ್ಕ ಸಾಕು.

ದೊಡ್ಡ ಒಡಕು 1843ರ ಮೇ 18ರದ್ದು, ಮಿನಿಸ್ಟರನ್ನು ಆರಿಸುವ ಅದೇ ಹಕ್ಕಿನ ಜಗಳ. ಜಾರ್ಜ್ ಸ್ಟ್ರೀಟ್‌ನ ಸೇಂಟ್ ಆಂಡ್ರೂಸ್ ಚರ್ಚ್‌ನಲ್ಲಿ ಇಡೀ ಚರ್ಚ್ ಆಫ್ ಸ್ಕಾಟ್ಲೆಂಡಿನ ಮಹಾಸಭೆ ಸೇರಿತ್ತು. ಅಲ್ಲಿಂದ ಎದ್ದು ಹೊರನಡೆದವರು ಕ್ಯಾನನ್‌ಮಿಲ್ಸ್ ತನಕ ಮೆರವಣಿಗೆಯಲ್ಲಿ ಹೋಗಿ ಫ್ರೀ ಚರ್ಚ್ ಅನ್ನುವ ಬೇರೆ ಪಂಗಡ ಕಟ್ಟಿದರು. ಸ್ಕಾಟ್ಲೆಂಡಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮಿನಿಸ್ಟರ್‌ಗಳು ಸಂಬಳ, ಮನೆ ಎರಡನ್ನೂ ಬಿಟ್ಟು ಹೊರಟರು. ಜಾರ್ಜ್ ಸ್ಟ್ರೀಟ್‌ನ ಆ ಕಟ್ಟಡ ಈಗಲೂ ಇದೆ. ಶಾಪಿಂಗ್‌ಗೆ ಹೋದಾಗ ಒಳಗೆ ಹೋಗಿ ನೋಡಿ.

ನನಗೆ ಈ ಕತೆಯಲ್ಲೆಲ್ಲ ತುಂಬ ಇಷ್ಟವಾದದ್ದು ಪಶ್ಚಿಮ ಕರಾವಳಿಯ ಸ್ಟ್ರಾಂಟಿಯನ್ ಅನ್ನುವ ಹಳ್ಳಿಯ ಸಭೆ. ಅಲ್ಲಿನ ಜಮೀನ್ದಾರ ಫ್ರೀ ಚರ್ಚ್‌ನವರಿಗೆ ಜಾಗ ಕೊಡಲ್ಲ ಅಂದ. ಜನ ಮಳೆಯಲ್ಲಿ, ಚಳಿಯಲ್ಲಿ, ಬಯಲಲ್ಲಿ ನಿಂತು ಆರಾಧನೆ ಮಾಡಿದರು. ಆಮೇಲೆ ಹಣ ಕೂಡಿಸಿ, ಕ್ಲೈಡ್ ನದಿಯ ಹಡಗುಕಟ್ಟೆಯಲ್ಲಿ ತೇಲುವ ಚರ್ಚ್ ಒಂದನ್ನು ಮಾಡಿಸಿ, 1846ರಲ್ಲಿ ಎಳೆದು ತಂದು ಲಾಕ್ ಸುನಾರ್ಟ್ ಅನ್ನುವ ಕಡಲ ಕೊಲ್ಲಿಯಲ್ಲಿ ಲಂಗರು ಹಾಕಿದರು. ನೆಲ ಅವನದು, ನೀರು ಅಲ್ಲವಲ್ಲ! ದೋಣಿಯಲ್ಲಿ ಹೋಗಿ ಹತ್ತುತ್ತಿದ್ದರು. ನೂರು ಜನ ಹತ್ತಿದರೆ ಚರ್ಚ್ ಒಂದು ಇಂಚು ಮುಳುಗುತ್ತಿತ್ತಂತೆ. ಯಾವ ಬೋಧಕ ಬಂದಾಗ ಎಷ್ಟು ಇಂಚು ಅಂತ ದಡದಿಂದಲೇ ಲೆಕ್ಕ ಸಿಗುತ್ತಿತ್ತು.

ಆಮೇಲೆ ಒಡೆದ ಪಂಗಡಗಳು ಒಂದೊಂದಾಗಿ ಸೇರುತ್ತ ಬಂದವು. 1847ರಲ್ಲಿ ಒಂದು ಕೂಡಿಕೆ, 1900ರಲ್ಲಿ ಇನ್ನೊಂದು, 1929ರಲ್ಲಿ ದೊಡ್ಡದು. ಒಲ್ಲೆ ಅಂದವರು ಪ್ರತಿ ಸಲವೂ ಹೊರಗುಳಿದರು. ಜನ ಸೇರಿದರು, ಕಟ್ಟಡಗಳು ಬೇಕಾದ್ದಕ್ಕಿಂತ ಹೆಚ್ಚಾದವು. 1950ರ ದಶಕದಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡಿಗೆ 13 ಲಕ್ಷ ಸದಸ್ಯರಿದ್ದರು. ಈಗ ಅದರ ಐದನೇ ಒಂದು ಭಾಗವೂ ಇಲ್ಲ. ಉಳಿದ ಕಟ್ಟಡಗಳು ಫ್ಲ್ಯಾಟ್ ಆದವು, ಪಬ್ ಆದವು.

ಎಡಿನ್‌ಬರಾದ ಬಂದರು ಭಾಗ ಲೀತ್‌ನಲ್ಲಿರುವ ನಮ್ಮ ಹಿಂದೂ ಮಂದಿರ ಕೂಡ ಇಂಥದ್ದೇ, 1820ರ ದಶಕದ ಪ್ರೆಸ್ಬಿಟೇರಿಯನ್ ಚರ್ಚ್. ಅಲ್ಲಿಂದ ಸ್ವಲ್ಪ ದೂರದ ಗುರುದ್ವಾರ ಹಿಂದೆ ಸೇಂಟ್ ಥಾಮಸ್ ಚರ್ಚ್ ಆಗಿತ್ತು. ಅದನ್ನು 1840ರ ದಶಕದ ಆರಂಭದಲ್ಲಿ ಕಟ್ಟಿಸಿದವನು ಲೀತ್‌ನಲ್ಲೇ ಹುಟ್ಟಿದ ಜಾನ್ ಗ್ಲಾಡ್‌ಸ್ಟನ್, ಮುಂದೆ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್‌ನ ಅಪ್ಪ. ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದ ಡೆಮೆರಾರಾ ಪ್ರದೇಶದಲ್ಲಿ ಅವನಿಗೆ, ಗುಲಾಮರು ದುಡಿಯುವ ಸಕ್ಕರೆ ತೋಟಗಳಿದ್ದವು. ಗುಲಾಮಗಿರಿ ರದ್ದಾದಾಗ ಸರ್ಕಾರದಿಂದ 1 ಲಕ್ಷ ಪೌಂಡ್‌ಗಿಂತ ಜಾಸ್ತಿ ಪರಿಹಾರ ಪಡೆದ. ಗುಲಾಮರಿಗೆ ಬಿಡಿಗಾಸೂ ಇಲ್ಲ. ಅವರ ಜಾಗಕ್ಕೆ ಕಲ್ಕತ್ತಾದ ಕಂಪನಿಯೊಂದಕ್ಕೆ ಪತ್ರ ಬರೆದು ಭಾರತದ ಕೂಲಿಗಳನ್ನು ಕೇಳಿದ. 1838ರಲ್ಲಿ ಎರಡು ಹಡಗು ಭರ್ತಿ ನಮ್ಮ ಜನ ಬ್ರಿಟಿಷ್ ಗಯಾನಾಕ್ಕೆ ಹೋದರು. ಆ ದುಡ್ಡಿನವನು ಕಟ್ಟಿಸಿದ ಗೋಡೆಗಳ ನಡುವೆ ಈಗ ಗುರುದ್ವಾರದ ಲಂಗರ್, ಎಲ್ಲರಿಗೂ ಉಚಿತ ಊಟ, ನಡೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಇದನ್ನೂ ಹೇಳಿ, ಶಾಲೆಯಲ್ಲಿ ಹೇಳುತ್ತಾರೆ ಅಂತ ಕಾಯಬೇಡಿ.

ಬೆಂಗಳೂರಿನವರು ಕಬ್ಬನ್ ರಸ್ತೆಯ ಕೆಂಪು ಸೇಂಟ್ ಆಂಡ್ರೂಸ್ ಚರ್ಚ್ ನೋಡಿಯೇ ಇರುತ್ತೀರಿ. 1860ರ ದಶಕದಲ್ಲಿ ಇದೇ ಸ್ಕಾಟಿಷರು ಕಂಟೋನ್ಮೆಂಟ್‌ನಲ್ಲಿ ಕಟ್ಟಿಕೊಂಡದ್ದು, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಪರದೇಶಕ್ಕೆ ಹೋದರೆ ಮೊದಲು ತಮ್ಮದೊಂದು ಕೂಡುವ ಜಾಗ ಬೇಕು ಅನ್ನುವ ತವಕ ಅವರಿಗೂ ಇತ್ತು. ಅಂದ ಹಾಗೆ, ನೀವೇ ಸಿಎಸ್‌ಐ ಕುಟುಂಬದವರಾದರೆ ನಿಮ್ಮ ಸಭಾಪಾಲಕರಿಂದ ಸದಸ್ಯತ್ವದ ಪತ್ರ ತನ್ನಿ. ಇಲ್ಲಿ ತೆರೆದ ಮನಸ್ಸಿನಿಂದ ಸೇರಿಸಿಕೊಳ್ಳುತ್ತಾರೆ.

ಮಕ್ಕಳ ಶಾಲೆಗೂ ಹತ್ತಿರದ ಚರ್ಚ್‌ನ ಮಿನಿಸ್ಟರ್ ಬರುವುದುಂಟು. ಗಾಬರಿ ಬೇಡ, ಬೇಡ ಅಂದರೆ ಮಗುವನ್ನು ಹೊರಗಿಡುವ ಹಕ್ಕು ನಿಮಗಿದೆ. ನಾವು ಹೊರಗಿಡಲಿಲ್ಲ. ಕ್ರಿಸ್‌ಮಸ್ ಹಾಡು ಹಾಡುವ ಈ ಶಾಲೆಗಳ ಊರಲ್ಲಿ 1958ರ ತನಕ ಕ್ರಿಸ್‌ಮಸ್‌ಗೆ ಸಾರ್ವಜನಿಕ ರಜೆಯೇ ಇರಲಿಲ್ಲ! ಬೈಬಲ್‌ನಲ್ಲಿ ಹೇಳದ ಹಬ್ಬ ಬೇಡ ಅಂತ ಪ್ರೆಸ್ಬಿಟೇರಿಯನ್ ಹಿರಿಯರು ದೂರ ಇಟ್ಟಿದ್ದರು. ನಮ್ಮ ಮಡಿಯವರೇ ವಾಸಿ.

ಹಾಲ್ ಕೊಡುವ ಸಭೆಯಲ್ಲಿ ಭಾನುವಾರ ಬರುವವರು ಹೆಚ್ಚಾಗಿ ಎಪ್ಪತ್ತು ದಾಟಿದವರು. ಅವರ ಮಕ್ಕಳು ಲಂಡನ್‌ನಲ್ಲಿ, ಟೊರಾಂಟೊದಲ್ಲಿ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ನಮ್ಮ ಅಪ್ಪ ಅಮ್ಮಂದಿರ ಪಾಡೇ, ಅಲ್ವಾ? ಒಮ್ಮೆ ನಮ್ಮ ಯುಗಾದಿಗೆ ಒಬ್ಬ ಎಲ್ಡರ್ ಅಜ್ಜಿ ಬಂದಿದ್ದರು. ಹೋಳಿಗೆ ತಿನ್ನುತ್ತಾ, ಇಷ್ಟು ಮಕ್ಕಳನ್ನು ಹೇಗೆ ಕರೆತರುತ್ತೀರಿ ಅಂತ ಕೇಳಿದರು. ಸ್ಟೇಜ್ ಮೇಲೆ ಕುಣಿಸುತ್ತೇವೆ, ಆಮೇಲೆ ಊಟ ಹಾಕುತ್ತೇವೆ ಅಂದೆ. ನಾವೂ ಅದನ್ನೇ ಮಾಡಿದ್ದೆವು, ಸಂಡೇ ಸ್ಕೂಲ್ ಪಿಕ್ನಿಕ್‌ಗೆ ಬಸ್ಸುಗಳು ಸಾಲುತ್ತಿರಲಿಲ್ಲ ಅಂದರು. ನನ್ನ ಮಗ ಆಗಲೇ ಹಿಂದಿನ ಸಾಲಲ್ಲಿ ಫೋನ್ ಹಿಡಿದು ಕೂತಿದ್ದ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಸ್ಕಾಟಿಷ್ ಇಂಗ್ಲಿಷ್‌ನಲ್ಲಿ.

ಹಾಗಾಗಿ ಬರೀ ಬಾಡಿಗೆ ಕೊಟ್ಟು ಬರಬೇಡಿ. ಅವರ ಸೂಪ್ ಲಂಚ್‌ಗೆ, ಹಳೆ ಸಾಮಾನಿನ ಮಾರಾಟಕ್ಕೆ ಹೋಗಿ. ಯಾವ ಕಟ್ಟಡ ಉಳಿಯಬೇಕು, ಯಾವುದು ಮಾರಬೇಕು ಅಂತ ಪ್ರೆಸ್ಬಿಟರಿ (ಒಂದು ಪ್ರದೇಶದ ಚರ್ಚ್‌ಗಳ ಮೇಲಿನ ಸಮಿತಿ) ಮಟ್ಟದಲ್ಲಿ ಪಟ್ಟಿ ಆಗಿದೆ. ನಿಮ್ಮ ಹಾಲ್ ಯಾವ ಕಡೆ ಇದೆ ಅಂತ ಮುಂಚೆಯೇ ಕೇಳಿಕೊಳ್ಳಿ. ಬುಕಿಂಗ್‌ಗೆ ಪತ್ರ ಬರೆಯುವುದು ಸೆಷನ್ ಕ್ಲರ್ಕ್‌ಗೆ (ಕರ್ಕ್ ಸೆಷನ್‌ನ ಕಾರ್ಯದರ್ಶಿಗೆ), ಮಿನಿಸ್ಟರ್‌ಗೆ ಅಲ್ಲ. ಯುಗಾದಿಗಾದರೆ ಜನವರಿಯಲ್ಲೇ ಬರೆಯಿರಿ. ಒಗ್ಗರಣೆ ಮನೆಯಲ್ಲೇ ಹಾಕಿಕೊಂಡು ಹೋಗಿ, ಅಲ್ಲಿನ ಸ್ಮೋಕ್ ಅಲಾರಂಗೆ ಇಂಗು ಸಾಸಿವೆ ಗೊತ್ತಿಲ್ಲ.