ಅಸೆಟೈಲ್‌ಕೋಲಿನ್: ತೋಟದ ಊರಿನವರು ಅದರ ಹದ ಕಾಯುವುದು ಹೇಗೆ?

ಅಭ್ಯಾಸವಿಲ್ಲದವರು ಎಲೆ-ಅಡಿಕೆ ಹಾಕಿದರೆ ಅಡಿಕೆ ಸೊಕ್ಕುತ್ತದೆ. ಕಿವಿ ಬಿಸಿಯಾಗುತ್ತದೆ, ಹಣೆಯಲ್ಲಿ ಬೆವರು ಮೂಡುತ್ತದೆ, ಬಾಯಿ ತುಂಬ ನೀರು, ತಲೆ ತಿರುಗಿದ ಹಾಗೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಇದು ಗೊತ್ತಿಲ್ಲದ ಮನೆಯಿಲ್ಲ. ಸೊಕ್ಕಲು ಮುಖ್ಯ ಕಾರಣ ಅಡಿಕೆಯಲ್ಲಿರುವ ಅರೆಕೋಲಿನ್. ನಮ್ಮ ಮೆದುಳು, ನರಗಳಲ್ಲಿ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ ಮಾಡುವ ಕೆಲಸವನ್ನು ಅದು ಹೊರಗಿನಿಂದ ಬಂದು ತಾನೇ ಮಾಡತೊಡಗುತ್ತದೆ.

ಇಂಥದೇ ಮೆದುಳಿನ ರಾಸಾಯನಿಕಗಳಾದ ಡೊಪಮಿನ್, ಸೆರೊಟೋನಿನ್ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ. ಅಸೆಟೈಲ್‌ಕೋಲಿನ್ ಬಗ್ಗೆ ಮಾತು ಕಡಿಮೆ. ಕಾಸರಗೋಡಿನಂಥ ಜಿಲ್ಲೆಯಲ್ಲಿ ಮೊದಲು ತಿಳಿಯಬೇಕಾದ್ದು ಇದನ್ನೇ ಅಂತ ನನಗೆ ಅನಿಸುತ್ತದೆ. ಇದರ ಹದ ಕೆಡಿಸುವ ವಸ್ತುಗಳು ನಮ್ಮ ಜಗಲಿಯಲ್ಲಿ, ತೋಟದ ಶೆಡ್ಡಿನಲ್ಲಿ, ಅಜ್ಜ-ಅಜ್ಜಿಯ ಮಾತ್ರೆ ಡಬ್ಬಿಯಲ್ಲಿ ಇವೆ. ದೇಹ ತನ್ನಷ್ಟಕ್ಕೆ ಈ ಹದವನ್ನು ಚೆನ್ನಾಗಿಯೇ ಕಾಯುತ್ತದೆ. ನಮ್ಮ ಕೆಲಸ ಹೆಚ್ಚಾಗಿ ಅದಕ್ಕೆ ಅಡ್ಡಿ ಮಾಡದಿರುವುದು.

ಮೊದಲು ಇದರ ಕೆಲಸ ತಿಳಿಯಿರಿ

ಕೈ ಎತ್ತಬೇಕು ಅಂದುಕೊಂಡರೆ ನರದ ತುದಿಯಿಂದ ಅಸೆಟೈಲ್‌ಕೋಲಿನ್ ಹೊರಬರುತ್ತದೆ, ಸ್ನಾಯು ಬಿಗಿಯುತ್ತದೆ. ಹೃದಯದ ಬಡಿತ ನಿಧಾನ ಮಾಡುವುದು, ಜೊಲ್ಲು ಸುರಿಸುವುದು, ಕರುಳನ್ನು ನಡೆಸುವುದು, ಕಣ್ಣಿನ ಪಾಪೆ ಕಿರಿದು ಮಾಡುವುದು, ಎಲ್ಲವೂ ಇದರದೇ. ಮೆದುಳಿನಲ್ಲಿ ಗಮನ ಮತ್ತು ನೆನಪಿಗೆ ಇದು ಬೇಕೇ ಬೇಕು.

ಇದು ಗೊತ್ತಾದದ್ದು ಕಪ್ಪೆಯ ಹೃದಯದಿಂದ. 1921ರಲ್ಲಿ ವಿಜ್ಞಾನಿ ಒಟ್ಟೊ ಲೋವಿ ಒಂದು ಕಪ್ಪೆಯ ಹೃದಯದ ನರವನ್ನು ಕೆರಳಿಸಿ ಬಡಿತ ನಿಧಾನ ಮಾಡಿದರು. ಅದರ ಸುತ್ತ ಇದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು! ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಅಂತ ಹಾಗೆ ತಿಳಿಯಿತು. ಆ ದ್ರವದಲ್ಲಿದ್ದ ರಾಸಾಯನಿಕವೇ ಅಸೆಟೈಲ್‌ಕೋಲಿನ್. ಅವರಿಗೂ ಇದೇ ವಿಷಯದಲ್ಲಿ ಕೆಲಸ ಮಾಡಿದ ಹೆನ್ರಿ ಡೇಲ್ ಅವರಿಗೂ 1936ರಲ್ಲಿ ನೊಬೆಲ್ ಬಂತು.

ಒಂದು ಮುಖ್ಯ ಸಂಗತಿ ಇದೆ. ಪಂಪು ಚಾಲೂ ಮಾಡಿದವರು ಬಂದ್ ಮಾಡಲೂ ಬೇಕು, ಅಲ್ವಾ? ಹಾಗೆ, ಹೊರಬಂದ ಅಸೆಟೈಲ್‌ಕೋಲಿನನ್ನು ಕೂಡಲೇ ಒಡೆದು ಹಾಕಲು ದೇಹದಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವ ಇದೆ. ಈ ಹೆಸರು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡನೆಯದು, ತೋಟದ ಮದ್ದು

ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಜೀವ ಹೋಗುವುದು ಇಲ್ಲಿಯೇ. ಆರ್ಗನೊಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ಅಸೆಟೈಲ್‌ಕೋಲಿನ್ ಒಡೆಯದೆ ತುಂಬಿಕೊಳ್ಳುತ್ತದೆ. ಬೇರುಹುಳಕ್ಕೆ ಅಡಿಕೆ ಬುಡಕ್ಕೆ ಹೊಯ್ಯುವ ಕ್ಲೋರ್‌ಪೈರಿಫಾಸ್ ಈ ಗುಂಪಿನದು. ಬಾಳೆಗೆ ಹಾಕುತ್ತಿದ್ದ ಫೋರೇಟ್, ಕಾರ್ಬೋಫ್ಯುರಾನ್ ಕೂಡ ಹೀಗೆಯೇ. ಇವೆರಡನ್ನು ಕೇರಳ ಸರಕಾರ 2011ರಲ್ಲಿ ನಿಷೇಧಿಸಿದೆ. ಹಳೆಯ ಪೊಟ್ಟಣ ಶೆಡ್ಡಿನ ಮೂಲೆಯಲ್ಲಿ ಉಳಿದಿದ್ದರೆ ಬಳಸಬೇಡಿ. ತೋಡಿಗೆ ಎಸೆಯಲೂ ಬೇಡಿ. ಏನು ಮಾಡಬೇಕು ಅಂತ ಕೃಷಿಭವನದಲ್ಲಿ ಕೇಳಿ.

ಕೊಳೆರೋಗಕ್ಕೆ ಬಿಡುವ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಈ ಗುಂಪಿಗೆ ಸೇರಿಲ್ಲ. ಎಂಡೋಸಲ್ಫಾನ್ ಕೂಡ ಬೇರೆ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದ ಆ ವಿಷ, ನರಗಳನ್ನು ಶಾಂತವಾಗಿಡುವ ಗಾಬಾ ಎಂಬ ಇನ್ನೊಂದು ರಾಸಾಯನಿಕದ ದಾರಿಯನ್ನು ತಡೆಯುತ್ತದೆ. ಆ ನೋವಿನ ಕತೆಗೆ ಬೇರೆಯೇ ಲೇಖನ ಬೇಕು.

ಮದ್ದು ಬಿಡುವ ದಿನ ಹೀಗೆ ಮಾಡಿ. ಉದ್ದ ತೋಳಿನ ಅಂಗಿ, ರಬ್ಬರ್ ಕೈಗವಸು, ಬೂಟು, ಕನ್ನಡಕ, ಮದ್ದಿಗೆ ತಕ್ಕ ಮಾಸ್ಕ್ ಹಾಕಿ. ಮುಖಕ್ಕೆ ಬೈರಾಸು ಸುತ್ತಿದರೆ ಸಾಕಾಗುವುದಿಲ್ಲ, ಒದ್ದೆಯಾದ ಬಟ್ಟೆ ವಿಷವನ್ನು ಚರ್ಮಕ್ಕೆ ಅಂಟಿಸಿ ಇಡುತ್ತದೆ. ಈ ಗುಂಪಿನ ವಿಷ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಗಾಳಿಗೆ ಎದುರಾಗಿ ನಿಲ್ಲಬೇಡಿ. ನಡುವೆ ಬೀಡಿ, ಎಲೆ-ಅಡಿಕೆ ಬೇಡ. ಮುಗಿದ ಕೂಡಲೇ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆ ಬೇರೆಯಾಗಿ ಒಗೆಯಿರಿ. ಮದ್ದನ್ನು ಜ್ಯೂಸಿನ ಬಾಟ್ಲಿಯಲ್ಲಿ ತುಂಬಿಡುವುದು ಮಾತ್ರ ಯಾವತ್ತೂ ಬೇಡ. ಮನೆಯಲ್ಲಿ ಮಕ್ಕಳಿದ್ದಾರೆ.

ವಿಷ ಏರಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಬೆವರು, ಜೊಲ್ಲು, ಕಣ್ಣೀರು, ವಾಂತಿ, ಭೇದಿ ಬರುತ್ತವೆ. ಸ್ನಾಯು ಅದುರುತ್ತದೆ, ಆಮೇಲೆ ಉಸಿರಾಟ ಕಷ್ಟವಾಗುತ್ತದೆ. ಕೈಗವಸು ಹಾಕಿಕೊಂಡು ವಿಷ ಏರಿದವರ ಬಟ್ಟೆ ಕಳಚಿ, ಸೋಪು-ನೀರಿನಲ್ಲಿ ಮೈ ತೊಳೆಯಿರಿ. ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ. ಮದ್ದಿನ ಡಬ್ಬಿಯನ್ನು ಜೊತೆಗೇ ಒಯ್ಯಿರಿ, ವೈದ್ಯರಿಗೆ ಅದರ ಮೇಲಿನ ಹೆಸರು ಬೇಕು. ಅವರು ಅಟ್ರೋಪಿನ್ ಕೊಡುತ್ತಾರೆ. ಅದು ಅಸೆಟೈಲ್‌ಕೋಲಿನ್‌ನ ಅತಿಯಾದ ಕೆಲಸವನ್ನು ತಡೆಯುತ್ತದೆ. ದತ್ತೂರದಲ್ಲೂ ಅಟ್ರೋಪಿನ್ ಇದೆ. ಹಾಗಂತ ದತ್ತೂರ ಅರೆದು ಕುಡಿಸುವ ಯೋಚನೆ ಖಂಡಿತ ಬೇಡ. ಅದರಲ್ಲಿ ಎಷ್ಟು ಅಂಶವಿದೆ ಅಂತ ಅಳೆಯಲು ಆಗದು, ಅದರ ವಿಷಕ್ಕೆ ಜನ ಸತ್ತದ್ದೂ ಇದೆ.

ಮೂರನೆಯದು, ಹಿರಿಯರ ಮಾತ್ರೆಗಳು

ಇಲ್ಲಿ ಆಗುವುದು ಕೀಟನಾಶಕ ಮಾಡುವುದಕ್ಕೆ ತದ್ವಿರುದ್ಧ. ಕೆಲವು ಮಾತ್ರೆಗಳು ಅಸೆಟೈಲ್‌ಕೋಲಿನ್ ಕೆಲಸ ಮಾಡದ ಹಾಗೆ ತಡೆಯುತ್ತವೆ. ಶೀತದ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ಬಸ್ಸಿನಲ್ಲಿ ವಾಂತಿ ಬರದ ಹಾಗೆ ನುಂಗುವ ಪ್ರೊಮೆಥಜಿನ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್ ಈ ಬಗೆಯವು. ಹರೆಯದವರಿಗೆ ಬಾಯಿ ಒಣಗಿ, ನಿದ್ದೆ ಬಂದು ಮುಗಿಯಬಹುದು. ವಯಸ್ಸಾದವರಿಗೆ ಮಲಬದ್ಧತೆ, ಮೂತ್ರ ಕಟ್ಟುವುದು, ಬೀಳುವುದು, ಮರೆವು, ಗೊಂದಲ ಎಲ್ಲ ಆಗಬಹುದು.

ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. ಹೃದಯಕ್ಕೆ ಮಂಗಳೂರಿನ ಡಾಕ್ಟರು, ಬೆನ್ನುನೋವಿಗೆ ಕಾಸರಗೋಡಿನವರು, ಜ್ವರಕ್ಕೆ ಊರಿನ ಕ್ಲಿನಿಕ್ಕು. ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದಿಲ್ಲ. ಅದಕ್ಕೆ ಮನೆಯವರೇ ಒಂದು ಕೆಲಸ ಮಾಡಬೇಕು. ಅಜ್ಜಿ ನುಂಗುವ ಎಲ್ಲ ಮಾತ್ರೆ, ಸಿರಪ್ಪು, ಲೇಹ್ಯ ಒಂದೇ ಚೀಲಕ್ಕೆ ಹಾಕಿ. ಒಬ್ಬರೇ ವೈದ್ಯರ ಮುಂದೆ ಸುರಿದು, "ಇದರಲ್ಲಿ ನೆನಪಿಗೆ ತೊಂದರೆ ಕೊಡುವುದು ಯಾವುದಾದರೂ ಇದೆಯಾ? ಕಡಿಮೆ ಮಾಡಬಹುದಾ?" ಅಂತ ಕೇಳಿ. ನೀವಾಗಿಯೇ ಏಕಾಏಕಿ ನಿಲ್ಲಿಸಬೇಡಿ.

ಮರೆವೆಲ್ಲ ಮಾತ್ರೆಯಿಂದ ಬರುವುದಲ್ಲ. ಆಲ್‌ಝೈಮರ್ಸ್ ಕಾಯಿಲೆಯಲ್ಲಿ ಅಸೆಟೈಲ್‌ಕೋಲಿನ್ ತಯಾರಿಸುವ ನರಕೋಶಗಳೇ ಸಾಯುತ್ತವೆ. ಅದಕ್ಕೆ ಕೊಡುವ ಡೊನೆಪೆಜಿಲ್ ಮಾತ್ರೆ ಕೋಲಿನೆಸ್ಟರೇಸ್ ಕಿಣ್ವವನ್ನು ಮಿತವಾಗಿ ತಡೆದು, ಉಳಿದಷ್ಟು ಅಸೆಟೈಲ್‌ಕೋಲಿನ್ ಹೆಚ್ಚು ಹೊತ್ತು ಕೆಲಸ ಮಾಡುವಂತೆ ನೋಡಿಕೊಳ್ಳುತ್ತದೆ. ಕಾಯಿಲೆ ಗುಣವಾಗದು, ಲಕ್ಷಣಗಳು ಸ್ವಲ್ಪ ಹಗುರಾಗಬಹುದು.

ಎಲೆ-ಅಡಿಕೆ, ಹೊಗೆಸೊಪ್ಪು

ಅಡಿಕೆಯ ಅರೆಕೋಲಿನ್ ಒಂದು ಬಗೆಯ ಗ್ರಾಹಕಗಳನ್ನು (ಅಸೆಟೈಲ್‌ಕೋಲಿನ್ ಬಂದು ತಾಗುವ, ಜೀವಕೋಶದ ಸ್ವಿಚ್ಚುಗಳನ್ನು) ಒತ್ತಿದರೆ, ಹೊಗೆಸೊಪ್ಪಿನ ನಿಕೋಟಿನ್ ಇನ್ನೊಂದು ಬಗೆಯವನ್ನು ಒತ್ತುತ್ತದೆ. ಎರಡೂ ಸೇರಿದರೆ ಚಟ ಗಟ್ಟಿಯಾಗುತ್ತದೆ. ಬಿಟ್ಟ ಮೊದಲ ದಿನಗಳಲ್ಲಿ ತಲೆನೋವು, ಸಿಡುಕು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಸಹಜ. ಅಡಿಕೆ ನಮ್ಮ ಅನ್ನ ಎಂಬುದು ನನಗೆ ಗೊತ್ತು. ಆದರೂ ಹೇಳಲೇಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ, ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಒಮ್ಮೆಲೇ ಬಿಡಲಾಗದಿದ್ದರೆ ಮೊದಲು ಹೊಗೆಸೊಪ್ಪು ಬಿಡಿ. ಆಮೇಲೆ ಕೆಲಸದ ನಡುವಿನ ಎಲೆ-ಅಡಿಕೆ ಬಿಡಿ, ಕೊನೆಗೆ ಊಟದ ನಂತರದ್ದು. ಬಾಯಿ ತೆರೆಯಲು ಬಿಗಿಯಾದರೆ, ಖಾರ ತಾಗಿದರೆ ಉರಿದರೆ, ಬಾಯಲ್ಲಿ ಬಿಳಿ ಕಲೆ ಕಂಡರೆ ಹಲ್ಲಿನ ಡಾಕ್ಟರಿಗೆ ತೋರಿಸಿ.

ಊಟದ ಮಾತು

ಅಸೆಟೈಲ್‌ಕೋಲಿನ್ ತಯಾರಾಗಲು ಕೋಲಿನ್ ಎಂಬ ಪೋಷಕಾಂಶ ಬೇಕು. ಅಮೆರಿಕದ ತಜ್ಞರ ಲೆಕ್ಕದಲ್ಲಿ ದಿನಕ್ಕೆ ಗಂಡಸರಿಗೆ 550 ಮಿಲಿಗ್ರಾಂ, ಹೆಂಗಸರಿಗೆ 425, ಬಸುರಿಯರಿಗೆ 450. ಒಂದು ಮೊಟ್ಟೆಯಲ್ಲೇ ಸುಮಾರು 150 ಸಿಗುತ್ತದೆ. ಬಂಗುಡೆ, ಭೂತಾಯಿ ತಿನ್ನುವವರಿಗೆ ಚಿಂತೆ ಕಡಿಮೆ. ಮೀನು-ಮೊಟ್ಟೆ ತಿನ್ನದ ಮನೆಗಳಲ್ಲಿ ಸೋಯಾ, ಅಲಸಂಡೆ, ಕಡಲೆ, ನೆಲಗಡಲೆ, ಹಾಲು-ಮೊಸರು, ಹೂಕೋಸು ಆಗಾಗ ಇರಲಿ. ಜಾಸ್ತಿ ತಿಂದರೆ ನೆನಪು ಜಾಸ್ತಿಯಾಗುತ್ತದೆ ಅಂತೇನೂ ಇಲ್ಲ. ಬುದ್ಧಿ ಚುರುಕಾಗಲು ಎಂದು ಮಾರುವ ಕೋಲಿನ್ ಮಾತ್ರೆಗೆ ಸುಮ್ನೆ ದುಡ್ಡು ಹಾಕಬೇಡಿ. ಮಿತಿ ಮೀರಿದರೆ ಮೈ ಮೀನಿನ ವಾಸನೆ ಹೊಡೆಯುತ್ತದೆ, ರಕ್ತದೊತ್ತಡ ಇಳಿಯುತ್ತದೆ.

ನಿದ್ದೆ ಕೆಡಿಸಿಕೊಳ್ಳಬೇಡಿ. ಗಾಢ ನಿದ್ದೆಯಲ್ಲಿ ಮೆದುಳಿನ ಅಸೆಟೈಲ್‌ಕೋಲಿನ್ ಇಳಿಯುತ್ತದೆ, ಕನಸಿನ ಹೊತ್ತಿಗೆ ಏರುತ್ತದೆ.

ಪರೀಕ್ಷೆ ಮಾಡಿಸಬಹುದೇ?

ಮೆದುಳಿನಲ್ಲಿ ಅಸೆಟೈಲ್‌ಕೋಲಿನ್ ಎಷ್ಟಿದೆ ಅಂತ ಹೇಳುವ ರಕ್ತಪರೀಕ್ಷೆ ಇಲ್ಲ. ಆದರೆ ರಕ್ತದಲ್ಲಿ ಕೋಲಿನೆಸ್ಟರೇಸ್ ಕಿಣ್ವ ಅಳೆಯಬಹುದು. ಒಬ್ಬೊಬ್ಬರದು ಒಂದೊಂದು ಮಟ್ಟದಲ್ಲಿರುತ್ತದೆ. ಹಾಗಾಗಿ ಆರ್ಗನೊಫಾಸ್ಫೇಟ್, ಕಾರ್ಬಮೇಟ್ ಗುಂಪಿನ ಮದ್ದು ಬಿಡುವುದನ್ನೇ ಕೂಲಿಯಾಗಿ ಮಾಡುವವರು ಕೆಲಸ ಶುರುವಾಗುವ ಮೊದಲೇ ಒಮ್ಮೆ ಮಾಡಿಸಿ, ಚೀಟಿ ಜೋಪಾನವಾಗಿ ಇಟ್ಟುಕೊಳ್ಳಬೇಕು. ಆಮೇಲೆ ಸುಸ್ತು, ತಲೆನೋವು ಬಂದಾಗ ಮತ್ತೆ ಮಾಡಿಸಿ ಹೋಲಿಸಿದರೆ ಕಿಣ್ವ ಇಳಿದಿದೆಯಾ ಅಂತ ವೈದ್ಯರಿಗೆ ಗೊತ್ತಾಗುತ್ತದೆ. ಇಳಿದಿದ್ದರೆ ಅದು ಮೊದಲಿನ ಮಟ್ಟಕ್ಕೆ ಬರುವ ತನಕ ಮದ್ದಿನ ಹತ್ತಿರ ಹೋಗಬಾರದು. ಆ ದಿನಗಳಿಗೆ ಬೇರೆ ಕೆಲಸ ಕೊಡುವುದು, ಮೊದಲ ಪರೀಕ್ಷೆಯ ಖರ್ಚು ಹಾಕುವುದು ತೋಟದ ಯಜಮಾನರ ಜವಾಬ್ದಾರಿ.